ಎಳ್ಳಮಾಸಿ ಬುತ್ತಿ

ಅಕ್ಕಲಕೋಟ ಸಂಸ್ಥಾನ 1948ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿತು. 1956ರ ನವೆಂಬರ್ 1ಕ್ಕೆ ವಿಜಾಪುರ ಜಿಲ್ಲೆ ಮೈಸೂರಿಗೆ ಹೋಯಿತು. ನಾವು ಮುಂಬಯಿಯಲ್ಲೇ ಉಳಿದು, 1960ರ ಮೇ 1ರಿಂದ ಮಹಾರಾಷ್ಟ್ರದವರಾದೆವು. ಕಾಗದಪತ್ರದ ಭಾಷೆ ಬ್ಯಾರೆ ಆಯಿತು, ಎಳ್ಳಮಾಸಿ ಮಾತ್ರ ಗಡಿಯ ಎರಡೂ ಕಡೆ ಒಂದೇ ದಿನ.

ಹಿಂಗಾರಿ ಜೋಳ ತೆನೆಗಟ್ಟುವ ಹೊತ್ತದು. ಸಜ್ಜಿ ಕಡಬು, ಶೇಂಗಾ ಹೋಳಿಗಿ, ಅಂಬಲಿ, ಭಜ್ಜಿ ಕಟ್ಟಿಕೊಂಡು ಹೊಲಕ್ಕ ಹೋಗಿ, ಐದು ಕಲ್ಲನ್ನು ಪಾಂಡವರೆಂದು ಪೂಜಿಸಿ, ಚರಗ ಚೆಲ್ಲಿ, ಗಿಡದ ನೆರಳಾಗ ಕೂತು ಉಣ್ಣೂದು. ಭಜ್ಜಿಗೆ ಹಸಿ ಕಡಲಿ, ಅವರಿ, ಮೆಂತ್ಯೆ, ಬದನಿಕಾಯಿ, ಸಿಕ್ಕಿದ್ದೆಲ್ಲಾ ಹಾಕಬೇಕು. ಒಬ್ಬರ ಮನಿದು ಇನ್ನೊಬ್ಬರ ಮನಿಹಂಗ ಇರೂದೇ ಇಲ್ಲ. ಹೊಲ ಇಲ್ಲದವರನ್ನೂ, ಮರಾಠಿ ಗೆಳೆಯರನ್ನೂ ಕರಿಯೂದು ರೂಢಿ. ಅವರು ‘ವೇಳಾ ಅಮಾವಾಸ್ಯಾ’ ಅಂತಾರ. ನಮ್ಮ ಎಳ್ಳೇ ಅವರ ಬಾಯಾಗ ಹಂಗಾಗಿರಬೇಕು.

ಉಜನಿ ನೀರು ಬಂದ ಕಡೆ ಈಗ ಕಬ್ಬು. ಅಲ್ಲೂ ಚರಗ ಚೆಲ್ಲತಾರ, ಪಂಕ್ತಿ ಮಾತ್ರ ಬದುವಿನ ಮ್ಯಾಲ.