ಕರ್ನಾಟಕದಲ್ಲಿ ಹಿರಿಯರ ವಿದ್ಯಾವ್ಯಾಸಂಗ

ದೇವಾಲಯಗಳಿಗೂ ಅಗ್ರಹಾರಗಳಿಗೂ ಭೂಮಿಯನ್ನು ದತ್ತಿಬಿಟ್ಟ ಕನ್ನಡ ಶಾಸನಗಳಲ್ಲಿ ಅರ್ಚಕರಿಗೆ, ಪರಿಚಾರಕರಿಗೆ, ಬಾಲಕರಿಗೆ ಅಕ್ಷರ ಕಲಿಸುವ ಉಪಾಧ್ಯಾಯರಿಗೆ ವೃತ್ತಿಯನ್ನು ಕಲ್ಪಿಸಿದ ಮೇಲೆ, ಪುರಾಣ ಹೇಳುವ ಭಟ್ಟರಿಗೂ ಒಂದು ಪಾಲನ್ನು ತೆಗೆದಿರಿಸಿರುವುದು ಅಲ್ಲಲ್ಲಿ ಕಾಣಬರುತ್ತದೆ. ಉಪಾಧ್ಯಾಯನು ಮಕ್ಕಳಿಗಾದರೆ ಪುರಾಣದ ಭಟ್ಟನು ಊರಿನ ಬೆಳೆದವರಿಗೆ, ಅವರಲ್ಲಿಯೂ ದುಡಿಮೆಯ ಭಾರವನ್ನು ಮಕ್ಕಳಿಗೆ ವಹಿಸಿ ಸಂಜೆಯ ಹೊತ್ತು ಗುಡಿಯ ಜಗಲಿಯಲ್ಲಿ ಕುಳಿತುಕೊಳ್ಳಬಲ್ಲ ಮುದುಕರಿಗೆ, ಗುರುವಾಗಿದ್ದನು. ಹಿರಿಯರ ವಿದ್ಯಾವ್ಯಾಸಂಗದ ಚರಿತ್ರೆಯನ್ನು ಈ ನಾಡಿನಲ್ಲಿ ಅಕ್ಷರದಿಂದ ಆರಂಭಿಸಿದರೆ ಅರ್ಧವೇ ಕಂಡೀತು. ಅದು ಶ್ರವಣದಿಂದ ಆರಂಭವಾಗತಕ್ಕದ್ದು.

ಈ ಶ್ರವಣವಿದ್ಯೆಯ ಪರಿಪಕ್ವರೂಪ ಗಮಕ. ಒಬ್ಬರು ಕಾವ್ಯವನ್ನು ರಾಗವಾಗಿ ವಾಚಿಸುವುದು, ಇನ್ನೊಬ್ಬರು ಪದ್ಯಪದ್ಯಕ್ಕೂ ವ್ಯಾಖ್ಯಾನ ಹೇಳುವುದು, ಕೇಳುವವರು ನಡುವೆ ಸಂಶಯವನ್ನೆತ್ತುವುದು, ಇವು ಮೂರೂ ಕೂಡಿದಾಗ ಓದು ಬರದವನಿಗೂ ಕುಮಾರವ್ಯಾಸನ ಭಾರತ, ಲಕ್ಷ್ಮೀಶನ ಜೈಮಿನಿ ಭಾರತ ಕರಗತವಾಗುತ್ತಿದ್ದವು. ತನ್ನ ಹೆಬ್ಬೆಟ್ಟನ್ನೊತ್ತಿ ಪತ್ರ ಬರೆಸಿಕೊಡುತ್ತಿದ್ದ ರೈತನು ಭಾಮಿನಿ ಷಟ್ಪದಿಯ ನೂರಾರು ಪದ್ಯಗಳನ್ನು ಬಾಯಲ್ಲಿಟ್ಟುಕೊಂಡಿರುತ್ತಿದ್ದನೆಂಬುದನ್ನು ನೆನೆದರೆ, ಅವನನ್ನು ಅವಿದ್ಯಾವಂತನೆಂದು ಕರೆಯಲು ಮನಸ್ಸು ಬಾರದು. ಶಿವಮೊಗ್ಗೆಯ ಸಮೀಪದ ಹೊಸಹಳ್ಳಿಯಲ್ಲಿ ಈ ಸಂಪ್ರದಾಯ ಇಂದಿಗೂ ಜೀವಂತವಾಗಿದೆ. ಅಲ್ಲಿನ ಗಮಕಿ ಎಚ್. ಆರ್. ಕೇಶವಮೂರ್ತಿಗಳಿಗೆ 2022ರಲ್ಲಿ ಪದ್ಮಶ್ರೀ ಪ್ರಶಸ್ತಿ ಸಂದಿತು.

ಆಧುನಿಕ ಸಂಸ್ಥೆಗಳಲ್ಲಿ 1890ರಲ್ಲಿ ಧಾರವಾಡದಲ್ಲಿ ಹುಟ್ಟಿದ ಕರ್ನಾಟಕ ವಿದ್ಯಾವರ್ಧಕ ಸಂಘವೂ 1915ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಕನ್ನಡ ಸಾಹಿತ್ಯ ಪರಿಷತ್ತೂ ಪಾಠಶಾಲೆಯ ವಯಸ್ಸನ್ನು ದಾಟಿದವರಿಗೆ ಉಪನ್ಯಾಸಗಳ ಮೂಲಕ ದ್ವಾರವನ್ನು ತೆರೆದುವು. ಪರಿಷತ್ತಿನ ಕಾವ, ಜಾಣ, ರತ್ನ ಪರೀಕ್ಷೆಗಳು ಶಾಲಾಕಾಲೇಜುಗಳ ಹೊರಗೆ ಸಾಹಿತ್ಯವನ್ನು ಕ್ರಮವಾಗಿ ಓದಬಯಸುವವರಿಗೆ ಸೋಪಾನವಾದುವು. ಮೈಸೂರು ಸಂಸ್ಥಾನದಲ್ಲಿ ವಿಶ್ವೇಶ್ವರಯ್ಯನವರ ದಿವಾನಗಿರಿಯ ಕಾಲಕ್ಕೆ ರಾತ್ರಿ ತರಗತಿಗಳೂ ಸಾರ್ವಜನಿಕ ಪುಸ್ತಕ ಭಂಡಾರಗಳೂ ಆರಂಭಗೊಂಡುವು.

1940ರ ದಶಕದ ಆದಿಯಲ್ಲಿ ಮೈಸೂರಿನಲ್ಲಿ ಎದ್ದ ಸಾಕ್ಷರತಾ ಚಳವಳಿಯಿಂದ ವಯಸ್ಕರ ಶಿಕ್ಷಣ ಸಮಿತಿಯು ರೂಪುಗೊಂಡಿತು. ಅಕ್ಷರ ಕಲಿತವನ ಕೈಗೆ ಓದಲು ಪುಸ್ತಕವಿಲ್ಲದಿದ್ದರೆ ಅವನು ಕಲಿತುದನ್ನು ಮರೆಯುವನೆಂಬ ಅನುಭವಸಿದ್ಧವಾದ ವಿಚಾರವನ್ನು ಈ ಸಮಿತಿ ಚೆನ್ನಾಗಿ ಅರಿತಿದ್ದಿತು. ಆದುದರಿಂದಲೇ ಅದು ಗ್ರಾಮ ಪುಸ್ತಕಾಲಯಗಳನ್ನು ತೆರೆಯಿತು, ‘ಬೆಳಕು’ ವಾರಪತ್ರಿಕೆಯನ್ನೂ ‘ಪುಸ್ತಕ ಪ್ರಪಂಚ’ ಮಾಸಪತ್ರಿಕೆಯನ್ನೂ ಹೊರಡಿಸಿತು. 1947ರಲ್ಲಿ ನಂಜನಗೂಡಿನಲ್ಲಿ ಪ್ರಾರಂಭವಾದ ವಿದ್ಯಾಪೀಠವು ಡೆನ್ಮಾರ್ಕಿನಲ್ಲಿ ಗ್ರುಂಡ್‌ವಿಗ್ ಎಂಬ ಧರ್ಮಗುರುವಿನ ವಿಚಾರಗಳಿಂದ ಸ್ಫೂರ್ತಿಗೊಂಡು 1844ರಿಂದ ನಡೆದುಬಂದ ಜನತಾ ಪ್ರೌಢಶಾಲೆಗಳ ಮಾದರಿಯದು. ಅಲ್ಲಿಗೆ ಬಂದವರು ಬಹುಮಟ್ಟಿಗೆ ಗ್ರಾಮದ ಯುವಕರೇ ಹೊರತು ವೃದ್ಧರಲ್ಲ. ಆದರೂ ಪರೀಕ್ಷೆಯ ಭೀತಿಯಿಲ್ಲದೆ, ಒಟ್ಟಿಗೆ ಬಾಳುತ್ತ, ಬೇಸಾಯದೊಡನೆ ಹಾಡನ್ನೂ ಕಲಿಯಬಹುದೆಂಬ ತತ್ತ್ವ ಮುಂದೆ ಹಿರಿಯರ ತರಗತಿಗಳಿಗೂ ಸಲ್ಲತಕ್ಕದ್ದಾಯಿತು.

ಹಿರಿಯರ ವ್ಯಾಸಂಗಕ್ಕೆ ಹೆಚ್ಚು ನೇರವಾಗಿ ಸಂಬಂಧಿಸಿದ ವರ್ಷ 1945. ಆ ವರ್ಷ ಬೆಂಗಳೂರಿನ ಬಸವನಗುಡಿಯ ಆಸುಪಾಸಿನಲ್ಲಿ ಎರಡು ಸಂಸ್ಥೆಗಳು ಜನಿಸಿದುವು: ಡಿ. ವಿ. ಗುಂಡಪ್ಪನವರ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ ಒಂದು, ಬಿ. ಪಿ. ವಾಡಿಯಾ ಅವರ ವಿಶ್ವಸಂಸ್ಕೃತಿ ಸಂಸ್ಥೆ ಇನ್ನೊಂದು. ವಾಡಿಯಾ ಸಂಸ್ಥೆಯ ಸಭಾಂಗಣವೂ ಗ್ರಂಥಾಲಯವೂ ಸಂಜೆಯ ಉಪನ್ಯಾಸಕ್ಕೂ ಸಂಗೀತಕ್ಕೂ ಬರುವ ನಿವೃತ್ತರಿಗೆ ತಲೆಮಾರುಗಳಿಂದ ಎರಡನೆಯ ಮನೆಯಾಗಿವೆ. ಗುಂಡಪ್ಪನವರ ಸಂಸ್ಥೆಯ ವೈಶಿಷ್ಟ್ಯವೆಂದರೆ ಅಧ್ಯಯನಗೋಷ್ಠಿ. 1887ರಲ್ಲಿ ಹುಟ್ಟಿದ ಅವರಿಗೆ ಸಂಸ್ಥೆಯನ್ನು ಕಟ್ಟುವ ವೇಳೆಗೆ ಐವತ್ತೆಂಟರ ಹೊಸ್ತಿಲು, ಅಂದರೆ ಆ ಕಾಲದ ಸರಕಾರೀ ನೌಕರನು ಪಿಂಚಣಿ ಪಡೆದು ಮನೆ ಸೇರಿರುತ್ತಿದ್ದ ವಯಸ್ಸು. ಆ ವಯಸ್ಸಿನಲ್ಲಿ ಆರಂಭಿಸಿದ ಗೋಷ್ಠಿಗಳಲ್ಲಿ ಅವರು ಗ್ರಂಥವನ್ನು ಮುಂದಿಟ್ಟುಕೊಂಡು, ಅವಸರವಿಲ್ಲದೆ, ಪ್ರಶ್ನೆಗಳನ್ನು ಸ್ವಾಗತಿಸುತ್ತ ಪಾಠ ಹೇಳಿದರು. ಭಗವದ್ಗೀತೆಯನ್ನು ಕುರಿತು ಹಾಗೆ ಹೇಳಿದ ಪಾಠಗಳೇ ‘ಜೀವನಧರ್ಮಯೋಗ’ ಎಂಬ ಗ್ರಂಥವಾಗಿ, ಅದಕ್ಕೆ 1967ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಾಗ ಗುರುವಿಗೆ ಎಂಬತ್ತು ತುಂಬಿತ್ತು. ಪುರಾಣದ ಭಟ್ಟನ ಜಗಲಿಗೂ ಈ ಗೋಷ್ಠಿಗೂ ನಡುವೆ ಶತಮಾನಗಳ ಅಂತರವಿದ್ದರೂ ಬಂಧುತ್ವ ಸ್ಪಷ್ಟವಾಗಿದೆ. ಹೊಸದಾಗಿ ಸೇರಿದುದು ಪೌರಜೀವನದ ವಿಚಾರ, ರಾಜ್ಯಶಾಸ್ತ್ರ, ಸ್ವತಂತ್ರ ಜಿಜ್ಞಾಸೆ.

ಸರಕಾರದ ಯೋಜನೆಗಳಾದರೋ ಬೇರೆ ದಾರಿಯನ್ನು ಹಿಡಿದುವು. 1978ರ ಅಕ್ಟೋಬರ್ 2ರಂದು ಆರಂಭವಾದ ರಾಷ್ಟ್ರೀಯ ವಯಸ್ಕರ ಶಿಕ್ಷಣ ಕಾರ್ಯಕ್ರಮವು 15ರಿಂದ 35ರ ವರೆಗಿನ ವಯಸ್ಸಿನವರನ್ನು ಲಕ್ಷ್ಯದಲ್ಲಿಟ್ಟುಕೊಂಡಿತು. 1988ರ ರಾಷ್ಟ್ರೀಯ ಸಾಕ್ಷರತಾ ಆಂದೋಲನವೂ ಅದೇ ಮಿತಿಯನ್ನಂಗೀಕರಿಸಿತು. ದುಡಿಯುವ ವಯಸ್ಸಿನವರಿಗೆ ಮೊದಲು ಅಕ್ಷರ ದೊರೆಯಲೆಂಬ ಉದ್ದೇಶ ಅಯುಕ್ತವೆನ್ನಲಾಗದು. ಆದರೆ ಆಡಳಿತದ ಕಡತದಲ್ಲಿ ಮೂವತ್ತಾರನೆಯ ವರ್ಷ ವಿದ್ಯೆಯ ಎಲ್ಲೆಯಾಗಿ ಪರಿಣಮಿಸಿದ್ದು ಖೇದಕರ, ಏಕೆಂದರೆ ಹೆಚ್ಚು ನಿರಕ್ಷರತೆಯಿದ್ದುದು ಅದಕ್ಕೂ ಹಿರಿಯರಾದ ಹೆಂಗಸರಲ್ಲಿ. ಫ್ರಾನ್ಸಿನ ತುಲೂಸ್ ನಗರದಲ್ಲಿ ಪಿಯೆರ್ ವೆಲಾಸ್ ಎಂಬ ಪ್ರಾಧ್ಯಾಪಕರು 1973ರಲ್ಲಿಯೇ ನಿವೃತ್ತರಿಗಾಗಿ ‘ಮೂರನೆಯ ವಯಸ್ಸಿನ ವಿಶ್ವವಿದ್ಯಾಲಯ’ವನ್ನು ತೆರೆದಿದ್ದರೆಂಬುದನ್ನು ಇಲ್ಲಿ ಸ್ಮರಿಸಬಹುದು. ನಮ್ಮಲ್ಲಿ 2009ರ ಸಾಕ್ಷರ ಭಾರತ ಯೋಜನೆಯಲ್ಲಿ ಹದಿನೈದು ವರ್ಷ ಮೀರಿದ ಎಲ್ಲರಿಗೂ ಅವಕಾಶ ದೊರೆಯಿತು. ನೆರೆಯ ಕೇರಳದಲ್ಲಿ 2018ರಲ್ಲಿ ಕಾರ್ತ್ಯಾಯನಿ ಅಮ್ಮ ಎಂಬ ತೊಂಬತ್ತಾರರ ವೃದ್ಧೆಯೊಬ್ಬರು ಸಾಕ್ಷರತಾ ಪರೀಕ್ಷೆಯಲ್ಲಿ ನೂರಕ್ಕೆ ತೊಂಬತ್ತೆಂಟು ಅಂಕ ಗಳಿಸಿ ಮೊದಲಿಗರಾದರು.

ರಾಜಧಾನಿಯಿಂದ ದೂರದ ಮೌಳಂಗಿ, ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡಗಳ ಕಾಡುನಾಡನ್ನು ನೋಡಿದರೆ ಈ ಚರಿತ್ರೆಯ ಚಿತ್ರ ಬೇರೊಂದು ಬಣ್ಣವನ್ನು ತಾಳುತ್ತದೆ. 1956ರ ವರೆಗೆ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಈ ಪ್ರದೇಶಕ್ಕೆ ಮೈಸೂರಿನ ಸಮಿತಿಯ ಕಾರ್ಯ ತಟ್ಟಲಿಲ್ಲ. ಧಾರವಾಡವೇ ಇದರ ವಿದ್ಯಾಕೇಂದ್ರ, 1950ರ ಜನವರಿ 8ರಿಂದ ಪ್ರಸಾರವನ್ನಾರಂಭಿಸಿದ ಧಾರವಾಡ ಆಕಾಶವಾಣಿಯೇ ಇಲ್ಲಿನ ಮುದುಕರ ಹೊಸ ಪುರಾಣಿಕ. ಹಳಿಯಾಳ, ಮುಂಡಗೋಡ ಸೀಮೆಯ ಊರುಗಳಲ್ಲಿ ಶ್ರಾವಣ ಬಂದರೆ ಮಠದಲ್ಲಿ ‘ಪುರಾಣ ಹಚ್ಚು’ತ್ತಾರೆ, ತಿಂಗಳುದ್ದಕ್ಕೂ ಶರಣರ ಚರಿತ್ರೆ ನಡೆದು, ಕೊನೆಯ ದಿನ ಮಹಾಮಂಗಲವಾಗುತ್ತದೆ. ಮರಾಠಿ ಮನೆಮಾತಿನವರಲ್ಲಿ ಅಭಂಗ, ಭಜನೆ, ಜ್ಞಾನೇಶ್ವರಿಯ ಪಾರಾಯಣ ಇದೇ ಕೆಲಸವನ್ನು ಮಾಡುತ್ತವೆ. ಮುಂಡಗೋಡದಲ್ಲಿ 1966ರಲ್ಲಿ ನೆಲೆಗೊಂಡ ಟಿಬೆಟ್ಟಿನ ನಿರಾಶ್ರಿತರ ವಸತಿಯಲ್ಲಿ ದ್ರೆಪುಂಗ್, ಗಾಂದೆನ್ ವಿಹಾರಗಳ ಭಿಕ್ಷುಗಳು ಇಪ್ಪತ್ತು ವರ್ಷಗಳಷ್ಟು ದೀರ್ಘವಾದ ಶಾಸ್ತ್ರವ್ಯಾಸಂಗವನ್ನು ಮಾಡುತ್ತಾರೆ. ಅಲ್ಲಿನ ಮುದುಕ ಮುದುಕಿಯರು ಜಪಮಾಲೆಯೊಡನೆ ಪ್ರವಚನಕ್ಕೆ ಬಂದು ಕೂರುತ್ತಾರೆ.

ಕಾಳೀ ನದಿಯ ತೀರದ ಈ ನಾಡಿನಲ್ಲಿ ಕಲಿಸುವವನಿಗೆ ಎದುರಾಗುವ ಕಷ್ಟ ಭಾಷೆಯದು. ಕುಣಬಿಗಳ ಮನೆಮಾತು ಕೊಂಕಣಿ, ಗೌಳಿಗಳದು ಮರಾಠಿಯ ಒಂದು ಪ್ರಭೇದ, ಸಿದ್ದಿಗಳಲ್ಲಿ ಕೊಂಕಣಿ, ಮರಾಠಿ, ಕನ್ನಡ ಬೆರೆತಿವೆ. ಅರವತ್ತು ದಾಟಿದ ಕುಣಬಿ ಹೆಂಗಸಿಗೆ ಕನ್ನಡದ ಮೊದಲ ಪಾಠವೆಂದರೆ ಅಕ್ಷರವೊಂದೇ ಅಲ್ಲ, ಶಬ್ದವೂ ಹೊಸದು. ಅವಳ ಬಾಯಲ್ಲಿರುವ ಗಡ್ಡೆಗೆಣಸುಗಳ, ಮರಮಟ್ಟುಗಳ ಹೆಸರುಗಳನ್ನೇ ಮೊದಲು ಬರೆಯಿಸಿ ಅಲ್ಲಿಂದ ಮುಂದಕ್ಕೆ ಕರೆದೊಯ್ಯುವ ಕ್ರಮವೇ ಉಚಿತವಾದುದು. ಸಿದ್ದಿಗಳ ಡಮಾಮಿ ಕುಣಿತ ಮತ್ತು ಹಾಡುಗಳಲ್ಲಿ ಹಿರಿಯರೇ ಗುರುಗಳು, ಕಲಿಯಬೇಕಾದವರು ಮೊಮ್ಮಕ್ಕಳು. ಸೂಪಾ ಅಣೆಕಟ್ಟಿನ ಹಿನ್ನೀರಿನಲ್ಲಿ ತಾಲೂಕಿನ ಹಳೆಯ ಕೇಂದ್ರವಾದ ಸೂಪಾ ಪೇಟೆಯೇ ಮುಳುಗಿ, ಕಚೇರಿಗಳು ಜೋಯಿಡಾಕ್ಕೂ ಅನೇಕ ಕುಟುಂಬಗಳು ರಾಮನಗರಕ್ಕೂ ಸ್ಥಳಾಂತರಗೊಂಡುವು. ಆ ಪೇಟೆಯ ಸಂತೆಯಲ್ಲಿ ನಿಂತು ಉಪ್ಪು, ಬಟ್ಟೆ ಕೊಂಡವರಿಗೆ ಈಗ ಎಪ್ಪತ್ತು, ಎಂಬತ್ತು; ಮುಳುಗಿದ ಆ ಊರಿನ ನೆನಪನ್ನು ಕಲಿಸಬಲ್ಲ ಗುರುಗಳೂ ಅವರೇ.