ನಿಲ್ಲಲು ಬಾರದ ಗಾಲಿಗಳು

ಇಂದಿನ ಬೆಲ್ಜಿಯಂನ ಹುಯ್ ಪಟ್ಟಣದಲ್ಲಿ 1735ರಲ್ಲಿ ಹುಟ್ಟಿದ ಜಾನ್ ಜೋಸೆಫ್ ಮರ್ಲಿನ್ ವಾದ್ಯ, ಯಂತ್ರಗಳ ತಯಾರಿಕೆಯಲ್ಲಿ ಪಳಗಿದ ಕೈ. ಲಂಡನ್ನಿನ ಕಾರ್ಲೈಲ್ ಹೌಸ್‌ನಲ್ಲಿ ನಡೆದ ವೇಷಧಾರಿಗಳ ಕೂಟಕ್ಕೆ ಅವನು ಕಾಲಿಗೆ ಗಾಲಿ ಕಟ್ಟಿಕೊಂಡು, ಪಿಟೀಲು ನುಡಿಸುತ್ತ ಬಂದನಂತೆ. ವೇಗ ತಗ್ಗಿಸಲೂ ಆಗದೆ, ತಿರುಗಲೂ ಆಗದೆ, 500 ಪೌಂಡಿಗೂ ಮೀರಿದ ಬೆಲೆಯ ಕನ್ನಡಿಗೆ ಹೋಗಿ ಬಡಿದ. ಕನ್ನಡಿ ಪುಡಿಯಾಯಿತು, ಪಿಟೀಲು ಮುರಿಯಿತು, ಅವನಿಗೂ ಬಲವಾದ ಗಾಯವಾಯಿತು. ದಶಕಗಳ ನಂತರ ಇದನ್ನು ಬರೆದಿಟ್ಟವನು ಸಂಗೀತಗಾರ ಥಾಮಸ್ ಬಸ್ಬಿ.

ಮಕ್ಕಳಿಗೆ ಸ್ಕೇಟಿಂಗ್ ಕಲಿಸುವ ನನ್ನ ಗಮನವೆಲ್ಲ ಆ ಪಿಟೀಲಿನ ಮೇಲೆ. ಮರ್ಲಿನ್‌ನ ಎರಡು ಕೈಗಳಿಗೂ ಬಿಡುವಿರಲಿಲ್ಲ. ನಮ್ಮ ಮಕ್ಕಳ ಕೈ ಖಾಲಿ ಇರುತ್ತದೆ. ಬೀಳುವಾಗ ಅದೇ ಮುಂದೆ ಚಾಚಿಕೊಳ್ಳುತ್ತದೆ, ಮೊದಲು ಮುರಿಯುವುದೂ ಅದೇ.

1819ರಲ್ಲಿ ಫ್ರಾನ್ಸಿನ ಪೆತಿಬ್ಲೆ, 1823ರಲ್ಲಿ ಲಂಡನ್ನಿನ ಟೈಯರ್ಸ್ ಒಂದೇ ಸಾಲಿನ ಗಾಲಿಗಳಿಗೆ ಪೇಟೆಂಟ್ ಪಡೆದರು. 1863ರಲ್ಲಿ ನ್ಯೂಯಾರ್ಕಿನ ಪ್ಲಿಂಪ್ಟನ್, ಮೈ ವಾಲಿಸಿದತ್ತ ತಿರುಗುವ ನಾಲ್ಕು ಗಾಲಿಯ ಸ್ಕೇಟ್ ತಂದ ಮೇಲೆ ಸಾಲುಗಾಲಿ ಹಿಂದೆ ಬಿತ್ತು. ಅದಕ್ಕೆ ಮತ್ತೆ ಜೀವ ಬಂದದ್ದು 1980ರ ಸುಮಾರಿಗೆ, ಮಿನಿಯಾಪೊಲಿಸ್‌ನಲ್ಲಿ. ಐಸ್ ಹಾಕಿ ಆಡುತ್ತಿದ್ದ ಓಲ್ಸನ್ ಸಹೋದರರು ಹಿಮವಿಲ್ಲದ ತಿಂಗಳುಗಳ ಅಭ್ಯಾಸಕ್ಕೆಂದು ಹಳೆಯ ಸಾಲುಗಾಲಿಯನ್ನು ಸುಧಾರಿಸಿದರು. ಅದೇ ರೋಲರ್‌ಬ್ಲೇಡ್ ಆಯಿತು.

ಹಿಮ್ಮಡಿಗೆ ರಬ್ಬರಿನ ಬ್ರೇಕೂ ಬಂತು. ಆದರೆ ಅದನ್ನು ಹಾಕಬೇಕಾದರೆ ಒಂದು ಕಾಲನ್ನು ಮುಂದಕ್ಕೆ ಚಾಚಿ, ಬೆರಳ ತುದಿಯನ್ನು ಮೇಲೆತ್ತಿ, ಹಿಮ್ಮಡಿಯನ್ನು ಒತ್ತಬೇಕು. ಮೈ ಭಾರವೆಲ್ಲ ಹೆಚ್ಚುಕಡಿಮೆ ಇನ್ನೊಂದು ಕಾಲಿನ ಮೇಲೆ. ಇಳಿಜಾರಿನಲ್ಲಿ ಹೆದರಿದ ಮಗು ಮೊಣಕಾಲು ಮಡಿಸುವ ಬದಲು ನೆಟ್ಟಗೆ ನಿಲ್ಲುತ್ತದೆ, ಹಿಂದಕ್ಕೆ ವಾಲುತ್ತದೆ, ಅಂಗೈ ಊರಿ ಬೀಳುತ್ತದೆ. ಮೈಯ ಭಾರ, ಓಟದ ರಭಸ ಎರಡೂ ಮಣಿಕಟ್ಟಿನ ಮೇಲೆ! ಹೊಸಬರಿಗಷ್ಟೇ ಅಲ್ಲ, ರಸ್ತೆಯ ಒಂದು ಜಲ್ಲಿಕಲ್ಲು ಗಾಲಿಗೆ ಸಿಕ್ಕರೆ ಪಳಗಿದವರಿಗೂ ಇದೇ ಗತಿ.

“ಸರ್, ಹೆಲ್ಮೆಟ್ ಇದೆಯಲ್ಲ, ಸಾಕಲ್ವಾ?” ಎಂದು ಪೋಷಕರು ಕೇಳುತ್ತಾರೆ. ತಲೆಗೆ ಅದು ಬೇಕೇ ಬೇಕು. ಕೈಗೆ? 1996ರಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ ಪ್ರಕಟಿಸಿದ ಅಮೆರಿಕದ ಅಧ್ಯಯನದ ಪ್ರಕಾರ, ರಿಸ್ಟ್ ಗಾರ್ಡ್ ತೊಡದವರಿಗೆ ಮಣಿಕಟ್ಟಿನ ಗಾಯದ ಸಂಭವ ಸುಮಾರು 10 ಪಟ್ಟು ಹೆಚ್ಚು. ಅದರೊಳಗಿನ ಗಟ್ಟಿ ಪ್ಲಾಸ್ಟಿಕ್ ಪಟ್ಟಿ ಕೈ ಹಿಂದಕ್ಕೆ ಮಡಚದಂತೆ ತಡೆಯುತ್ತದೆ, ಅಂಗೈ ನೆಲಕ್ಕೆ ಕಚ್ಚಿಕೊಳ್ಳದೆ ಜಾರುವಂತೆಯೂ ಮಾಡುತ್ತದೆ. ಅದಕ್ಕೇ ನನ್ನಲ್ಲಿ ಮೊದಲ ಪಾಠ ಹುಲ್ಲಿನ ಮೇಲೆ: ಮೊಣಕಾಲಿನ ಪ್ಯಾಡ್ ಊರಿ, ಬೆರಳುಗಳನ್ನು ಮೇಲೆತ್ತಿ, ಆ ಪ್ಲಾಸ್ಟಿಕ್ಕಿನ ಮೇಲೆ ಜಾರುತ್ತ ಬೀಳುವುದು.