ಹಯಾ ಮತ್ತು ಇಲ್ಮ್: ಹೆಣ್ಣುಮಕ್ಕಳ ಆರೋಗ್ಯ ಶಿಕ್ಷಣದ ಒಂದು ಹಿನ್ನೋಟ

ಶಾಲೆಯಲ್ಲಿ ಹೆಣ್ಣುಮಕ್ಕಳಿಗೆ ಅವರ ದೇಹದ ಬಗ್ಗೆ ಪಾಠ ಹೇಳಬೇಕೆಂಬ ಮಾತು ಬಂದಾಗಲೆಲ್ಲ ನಮ್ಮ ಸಭೆಗಳಲ್ಲಿ ಒಂದೇ ಉತ್ತರ ಕೇಳಿಬರುತ್ತದೆ: "ಇದು ನಮ್ಮ ಸಂಸ್ಕೃತಿಯಲ್ಲ, ಹಯಾಕ್ಕೆ ವಿರುದ್ಧ." ಹಯಾ ಎಂದರೆ ಲಜ್ಜೆ. ಅದು ಈಮಾನಿನ ಭಾಗವೆಂಬುದರಲ್ಲಿ ನಮಗಾರಿಗೂ ಸಂದೇಹವಿಲ್ಲ. ಆದರೆ ಲಜ್ಜೆಯ ಹೆಸರಿನಲ್ಲಿ ಅಜ್ಞಾನವನ್ನು ಕಾಪಾಡಿಕೊಳ್ಳುವುದು ನಿಜವಾಗಿಯೂ ನಮ್ಮ ಪರಂಪರೆಯೇ? ಇತಿಹಾಸವನ್ನೇ ಕೇಳಿ ನೋಡೋಣ.

ಮದೀನಾದ ಮಹಿಳೆಯರು

ಹಜ್ಜಿಗೆ ಹೊರಟ ದಾರಿಯಲ್ಲಿ ಹಝ್ರತ್ ಆಯಿಶಾ(ರ) ಮುಟ್ಟಾಗಿ ಅಳುತ್ತಾ ಕುಳಿತಿದ್ದರು. ಪ್ರವಾದಿವರ್ಯರು(ಸ) ಅವರನ್ನು ಗದರಿಸಲಿಲ್ಲ, ದೂರವಿಡಲೂ ಇಲ್ಲ. ಇದು ಆದಮರ ಹೆಣ್ಣುಮಕ್ಕಳಿಗೆ ಅಲ್ಲಾಹನು ವಿಧಿಸಿದ ಸಂಗತಿ ಎಂದು ಸಮಾಧಾನಪಡಿಸಿ, ಕಾಬಾದ ತವಾಫ್ ಒಂದನ್ನು ಬಿಟ್ಟು ಹಜ್ಜಿನ ಉಳಿದ ಕರ್ಮಗಳನ್ನೆಲ್ಲ ಮಾಡಲು ತಿಳಿಸಿದರು.

ಇನ್ನೊಂದು ಪ್ರಸಂಗ ಶಿಕ್ಷಕರಾದ ನಮಗೆ ಇನ್ನೂ ಹತ್ತಿರದ್ದು. ಅಸ್ಮಾ ಎಂಬ ಮಹಿಳೆ ಮುಟ್ಟಿನ ನಂತರದ ಸ್ನಾನದ ಕ್ರಮವನ್ನು ಪ್ರವಾದಿವರ್ಯರಲ್ಲಿಯೇ(ಸ) ಕೇಳಿದರು. ಅವರು ವಿವರಿಸಿದರು. ಕಸ್ತೂರಿ ಪೂಸಿದ ಬಟ್ಟೆಯಿಂದ ಶುದ್ಧಿ ಮಾಡಿಕೊಳ್ಳುವ ಮಾತು ಬಂದಾಗ ಆಕೆ "ಹೇಗೆ?" ಎಂದು ಮತ್ತೆ ಕೇಳಿದರು. ಆಗ ಹಝ್ರತ್ ಆಯಿಶಾ(ರ) ಮೆಲುದನಿಯಲ್ಲಿ ಅದನ್ನು ಆಕೆಗೆ ತಿಳಿಸಿಕೊಟ್ಟರು. ಅನ್ಸಾರಿ ಮಹಿಳೆಯರನ್ನು ಹೊಗಳುತ್ತಾ, ದೀನಿನ ತಿಳಿವಳಿಕೆ ಪಡೆಯಲು ಅವರಿಗೆ ಲಜ್ಜೆ ಅಡ್ಡಿಯಾಗಲಿಲ್ಲ ಎಂದು ಹೇಳಿದವರೂ ಅವರೇ. ಇಲ್ಲಿ ಲಜ್ಜೆಯೂ ಉಳಿಯಿತು, ಇಲ್ಮೂ ದೊರೆಯಿತು. ಹೆಣ್ಣಿಗೆ ಹೆಣ್ಣೇ ಗುರುವಾದಳು.

ಈ ಕಾರಣದಿಂದಲೇ ಫಿಕ್ಹ್ ಗ್ರಂಥಗಳ ಶುದ್ಧಿಯ ಅಧ್ಯಾಯದಲ್ಲಿ ಹೈಝ್ ಮತ್ತು ನಿಫಾಸ್‌ನ ವಿಷಯಗಳಿಗೆ ಯಾವತ್ತೂ ಸ್ಥಾನವಿದೆ. ಮದ್ರಸಾಗಳಲ್ಲಿ ಶತಮಾನಗಳಿಂದ ಓದಿಸುತ್ತಾ ಬಂದ ಪಾಠವಿದು.

ಬಿಹಿಶ್ತಿ ಝೇವರ್‌ನಿಂದ ಭೋಪಾಲದ ಬೇಗಂವರೆಗೆ

ಇಪ್ಪತ್ತನೇ ಶತಮಾನದ ಆರಂಭದಲ್ಲಿ ಮೌಲಾನಾ ಅಶ್ರಫ್ ಅಲಿ ಥಾನವಿಯವರು (1863-1943) ಹೆಣ್ಣುಮಕ್ಕಳಿಗಾಗಿ 'ಬಿಹಿಶ್ತಿ ಝೇವರ್' ರಚಿಸಿದರು. ಮಗಳ ಮದುವೆಯಲ್ಲಿ ಈ ಗ್ರಂಥವನ್ನು ಉಡುಗೊರೆ ಕೊಡುವ ಪದ್ಧತಿ ನಮ್ಮ ಅನೇಕ ಮನೆಗಳಲ್ಲಿದೆ. ನಮಾಝು, ರೋಝಾಗಳ ಜೊತೆಗೆ ಮುಟ್ಟು, ಬಾಣಂತನ, ಸ್ತ್ರೀಯರ ಕಾಯಿಲೆ ಮತ್ತು ಮದ್ದುಗಳ ವಿಷಯವೂ ಅದರಲ್ಲಿದೆ. ಕಲಿಸುವವನು ಪುರುಷನಾಗಿದ್ದರೆ ಸಂಕೋಚದ ವಿಷಯಗಳನ್ನು ತನ್ನ ಪತ್ನಿಯ ಮೂಲಕ ತಿಳಿಸಲಿ ಎಂಬ ಸೂಚನೆಯನ್ನೂ ಮೌಲಾನಾ ಕೊಟ್ಟಿದ್ದಾರೆ. ಕಲಿಸಬೇಕೇ ಎಂಬ ಪ್ರಶ್ನೆ ಅವರಿಗೆ ಇರಲಿಲ್ಲ. ಯಾರು, ಹೇಗೆ ಕಲಿಸಬೇಕು ಎಂಬುದಷ್ಟೇ ಅವರ ಯೋಚನೆಯಾಗಿತ್ತು.

ಅದೇ ಕಾಲದಲ್ಲಿ ಭೋಪಾಲ ಸಂಸ್ಥಾನವನ್ನು ಆಳಿದವರು ನವಾಬ್ ಸುಲ್ತಾನ್ ಜಹಾನ್ ಬೇಗಂ (ಆಳ್ವಿಕೆ 1901-1926). ಹೆಣ್ಣುಮಕ್ಕಳಿಗೆ ಶಾಲೆ ತೆರೆದರು, ಸೂಲಗಿತ್ತಿಯರಿಗೆ ತರಬೇತಿ ಕೊಡಿಸಿದರು. ಆರೋಗ್ಯ ರಕ್ಷಣೆ ಹಾಗೂ ಮಕ್ಕಳ ಪಾಲನೆ ಕುರಿತು ಸ್ವತಃ ಉರ್ದುವಿನಲ್ಲಿ ಪುಸ್ತಕ ಬರೆದರು. 1920ರಲ್ಲಿ ಅಲೀಗಢ ಮುಸ್ಲಿಂ ವಿಶ್ವವಿದ್ಯಾಲಯದ ಮೊದಲ ಕುಲಾಧಿಪತಿಯಾದವರೂ ಇವರೇ.

ಅಲೀಗಢದ ವೈದ್ಯೆ

ಅಲೀಗಢದಲ್ಲಿ 1906ರಲ್ಲಿ ಹೆಣ್ಣುಮಕ್ಕಳ ಶಾಲೆ ಆರಂಭಿಸಿದವರು ಶೇಖ್ ಅಬ್ದುಲ್ಲಾ ಮತ್ತು ಅವರ ಪತ್ನಿ ವಹೀದ್ ಜಹಾನ್ ಬೇಗಂ. ಇವರ ಮಗಳು ರಶೀದ್ ಜಹಾನ್ (1905-1952) ದೆಹಲಿಯ ಲೇಡಿ ಹಾರ್ಡಿಂಜ್ ವೈದ್ಯಕೀಯ ಕಾಲೇಜಿನಲ್ಲಿ ಓದಿ ಸ್ತ್ರೀರೋಗ ವೈದ್ಯೆಯಾದರು. 1932ರಲ್ಲಿ ಬಂದ 'ಅಂಗಾರೆ' ಸಂಕಲನದಲ್ಲಿ ಅವರ 'ಪರ್ದೆ ಕೆ ಪೀಛೆ' ಎಂಬ ಕಿರುನಾಟಕವಿದೆ. ಹೆರಿಗೆಯ ಮೇಲೆ ಹೆರಿಗೆಯಾಗಿ ಆರೋಗ್ಯ ಕಳೆದುಕೊಂಡ ಗೃಹಿಣಿ ತನ್ನ ನೋವನ್ನು ಇನ್ನೊಬ್ಬ ಮಹಿಳೆಯ ಮುಂದೆ ತೋಡಿಕೊಳ್ಳುವುದೇ ಅದರ ವಸ್ತು. ಸಂಕಲನಕ್ಕೆ ಭಾರೀ ವಿರೋಧ ಬಂದು, 1933ರಲ್ಲಿ ಸಂಯುಕ್ತ ಪ್ರಾಂತ್ಯದ ಸರ್ಕಾರ ಅದನ್ನು ನಿಷೇಧಿಸಿತು. ಅದರಲ್ಲಿನ ಎಲ್ಲ ಬರಹಗಳನ್ನೂ ನಾವು ಒಪ್ಪಬೇಕಾಗಿಲ್ಲ. ಆದರೆ ಆ ಗೃಹಿಣಿಯ ನೋವು ಸುಳ್ಳೆಂದು ಯಾರು ಹೇಳಬಲ್ಲರು?

ನಮ್ಮ ನಾಡೂ ಹಿಂದೆ ಬಿದ್ದಿರಲಿಲ್ಲ. 1930ರಲ್ಲಿಯೇ ಮೈಸೂರು ಸರ್ಕಾರ ತನ್ನ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣದ ಸಲಹಾ ಕೇಂದ್ರಗಳನ್ನು ತೆರೆದು ಲೋಕದ ಗಮನ ಸೆಳೆದಿತ್ತು.

2007ರ ಎರಡು ಸುದ್ದಿಗಳು

ಇಂಥ ನಾಡಿನಲ್ಲೇ 2007ರಲ್ಲಿ ಹದಿಹರೆಯದ ಶಿಕ್ಷಣ ಕಾರ್ಯಕ್ರಮಕ್ಕೆ ತಡೆ ಬಿತ್ತು. ಕೇಂದ್ರ ರೂಪಿಸಿದ್ದ ಕೈಪಿಡಿಯ ಚಿತ್ರಗಳಿಗೆ ಆಕ್ಷೇಪ ಬಂದು, ಮಹಾರಾಷ್ಟ್ರ, ಮಧ್ಯಪ್ರದೇಶ ಮೊದಲಾದ ರಾಜ್ಯಗಳಂತೆ ಕರ್ನಾಟಕವೂ ಅದನ್ನು ನಿಲ್ಲಿಸಿತು. 2009ರಲ್ಲಿ ರಾಜ್ಯಸಭೆಯ ಅರ್ಜಿಗಳ ಸಮಿತಿಯೂ ಶಾಲೆಯಲ್ಲಿ ಲೈಂಗಿಕ ಶಿಕ್ಷಣ ಬೇಡವೆಂದಿತು.

ಅದೇ 2007ರಲ್ಲಿ ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ ಒಂದು ವರದಿ ಪ್ರಕಟಿಸಿತು. 13 ರಾಜ್ಯಗಳ 12,447 ಮಕ್ಕಳನ್ನು ಮಾತನಾಡಿಸಿದಾಗ ಅರ್ಧಕ್ಕಿಂತ ಹೆಚ್ಚು, ಶೇ. 53ರಷ್ಟು ಮಕ್ಕಳು ಒಂದಲ್ಲ ಒಂದು ಬಗೆಯ ಲೈಂಗಿಕ ಕಿರುಕುಳ ಅನುಭವಿಸಿದ್ದು ತಿಳಿದುಬಂತು. ಗಂಡುಮಕ್ಕಳೂ ಇದರಿಂದ ಹೊರತಾಗಿರಲಿಲ್ಲ. ಕಿರುಕುಳ ಕೊಟ್ಟವರಲ್ಲಿ ಅನೇಕರು ಮಕ್ಕಳಿಗೆ ಪರಿಚಿತರೇ. ಮಕ್ಕಳಿಗೆ ತಿಳಿವಳಿಕೆ ಎಷ್ಟು ಬೇಕೆಂದು ಅಂಕಿಗಳು ಹೇಳುತ್ತಿದ್ದಾಗಲೇ ನಾವು ಪುಸ್ತಕ ಮುಚ್ಚಿದೆವು.

ಮುಂದೆ 2012ರಲ್ಲಿ ಪೋಕ್ಸೋ ಕಾಯ್ದೆ ಬಂತು. 2013-14ರಲ್ಲಿ ಕರ್ನಾಟಕದ 'ಶುಚಿ' ಯೋಜನೆಯಡಿ ವಿದ್ಯಾರ್ಥಿನಿಯರಿಗೆ ಉಚಿತ ಸ್ಯಾನಿಟರಿ ಪ್ಯಾಡ್ ಕೊಡಲಾರಂಭಿಸಿದರು. ಯೋಜನೆ ನಡುವೆ ಕೆಲವು ವರ್ಷ ನಿಂತು ಮತ್ತೆ ಆರಂಭವಾಯಿತು. 2020ರಲ್ಲಿ ಬಂದ ಶಾಲಾ ಆರೋಗ್ಯ ಕಾರ್ಯಕ್ರಮ ಪ್ರತಿ ಶಾಲೆಯ ಇಬ್ಬರು ಶಿಕ್ಷಕರಿಗೆ ಈ ವಿಷಯಗಳಲ್ಲಿ ತರಬೇತಿ ಕೊಡಬೇಕೆನ್ನುತ್ತದೆ. ಲೈಂಗಿಕ ಶಿಕ್ಷಣ ನಮ್ಮ ಮೌಲ್ಯಗಳಿಗೆ ವಿರುದ್ಧವೆಂಬ ಭಾವನೆ ತಪ್ಪೆಂದು 2024ರಲ್ಲಿ ಸುಪ್ರೀಂ ಕೋರ್ಟೂ ಹೇಳಿದೆ.

ನಾವು ಮಾಡಬೇಕಾದ್ದು

ನನ್ನದೊಂದು ತಪ್ಪನ್ನು ಇಲ್ಲಿ ಒಪ್ಪಿಕೊಳ್ಳಬೇಕು. ವಿಜ್ಞಾನ ಶಿಕ್ಷಕರ ಹುದ್ದೆ ಖಾಲಿಯಿದ್ದ ವರ್ಷ ಭಾಷಾ ಶಿಕ್ಷಕನಾದ ನಾನೇ ಆ ತರಗತಿಯನ್ನೂ ನೋಡಿಕೊಳ್ಳುತ್ತಿದ್ದೆ. ಹದಿಹರೆಯದ ಪಾಠ ಬಂದಾಗ "ಇದನ್ನು ಮನೆಯಲ್ಲಿ ಓದಿಕೊಳ್ಳಿ" ಎಂದು ಹಾಳೆ ತಿರುವಿದೆ. ಕೆಲವು ವಾರಗಳ ನಂತರ ವಿದ್ಯಾರ್ಥಿನಿಯೊಬ್ಬಳು ಐದು ದಿನ ಶಾಲೆಗೆ ಬರಲಿಲ್ಲ. ಮೊದಲ ಬಾರಿ ಮುಟ್ಟಾದಾಗ ತನಗೇನೋ ದೊಡ್ಡ ಕಾಯಿಲೆ ಬಂದಿದೆಯೆಂದು ಹೆದರಿ, ತಾಯಿಗೂ ಹೇಳದೆ ಕುಳಿತಿದ್ದಳಂತೆ. ನನಗೆ ಸಂಕೋಚವಿದ್ದರೆ ಒಬ್ಬ ಶಿಕ್ಷಕಿಯನ್ನು ಕರೆಯಬಹುದಿತ್ತು. ಆ ದಾರಿಯನ್ನು ಹಿರಿಯರು ಎಂದೋ ತೋರಿಸಿಕೊಟ್ಟಿದ್ದರು.

ನಮ್ಮ ಸಂಸ್ಥೆಗಳು ಇದಕ್ಕೆ ಸರ್ಕಾರದ ಆದೇಶಕ್ಕಾಗಿ ಕಾಯಬೇಕಾಗಿಲ್ಲ. ವರ್ಷದ ಆರಂಭದಲ್ಲೇ ತಾಯಂದಿರ ಸಭೆ ಕರೆದು ಪಾಠದಲ್ಲಿ ಏನಿದೆಯೆಂದು ತಿಳಿಸಲಿ. ಹುಡುಗಿಯರಿಗೆ ಶಿಕ್ಷಕಿಯೋ ಮಹಿಳಾ ವೈದ್ಯರೋ ಪಾಠ ಹೇಳಲಿ. ನೀರಿರುವ, ಚಿಲಕವಿರುವ ಶೌಚಾಲಯ ಪ್ರತಿ ಶಾಲೆಯಲ್ಲಿರಲಿ. ಯಾರಾದರೂ ಕೆಟ್ಟದಾಗಿ ಮುಟ್ಟಿದರೆ ಅದು ತನ್ನ ತಪ್ಪಲ್ಲವೆಂಬುದು ಪ್ರತಿ ಮಗುವಿಗೂ ತಿಳಿದಿರಲಿ, 1098 ಸಹಾಯವಾಣಿಯ ಸಂಖ್ಯೆ ಬಾಯಿಪಾಠವಾಗಿರಲಿ. ಹುಡುಗರಿಗೂ ಪ್ರತ್ಯೇಕವಾಗಿ ಪಾಠವಾಗಬೇಕು. ಸಮವಸ್ತ್ರದ ಮೇಲಿನ ಕಲೆ ಕಂಡು ನಗುವವನಿಗೆ ಗೌರವ ಕಲಿಸದೆ ಹುಡುಗಿಗೆ ಮಾತ್ರ ಧೈರ್ಯ ಹೇಳಿದರೆ ಕೆಲಸ ಅರ್ಧವಾದಂತೆ.

ಪ್ರಿಯ ವಿದ್ಯಾರ್ಥಿನಿಯರೇ, ನಿಮ್ಮ ದೇಹದ ಬಗ್ಗೆ ತಿಳಿದುಕೊಳ್ಳುವುದು ನಾಚಿಕೆಗೇಡಲ್ಲ. ಮದೀನಾದ ಆ ಮಹಿಳೆಯಂತೆ ಕೇಳಿರಿ. ನಿಮಗೆ ಉತ್ತರ ಕೊಡುವ ಹೊಣೆ ನಮ್ಮದು. ಅದನ್ನು ನಿಭಾಯಿಸುವ ತೌಫೀಕನ್ನು ಅಲ್ಲಾಹನು ನಮಗೆಲ್ಲ ದಯಪಾಲಿಸಲಿ. ಆಮೀನ್.